ಹಾಲಿಗೆ ಅಳತೆ ಉಂಟು, ಕರೆಂಟಿಗೆ ಬೇಡವೇ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ಸಭೆಯಲ್ಲಿ ನಾಲ್ಕು ಮಾತಾಡಬೇಕು ಅಂತ ಅಧ್ಯಕ್ಷರು ಹೇಳಿದಾಗ ನಾವು ಹಿಂದೆ ಮುಂದೆ ನೋಡಿದೆವು. ನಾವು ಓದಿರುವುದು ಎಸ್‌.ಎಸ್‌.ಎಲ್‌.ಸಿ. ಮಾತ್ರ. ಮಾಡುವುದು ಹೊಗೆಸೊಪ್ಪು, ರಾಗಿ, ಎರಡು ಹಸ. ಸಹಕಾರ ತತ್ವದ ಬಗ್ಗೆ ಮಾತಾಡಲು ತಿಳಿದವರು ಈ ವೇದಿಕೆ ಮೇಲೇ ಇದ್ದಾರೆ. ಆದ್ದರಿಂದ ನಾವು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಹೇಳಿ, ಅದರಿಂದ ಸಂಘದವರು ಏನು ಕಲಿತೆವು ಎಂಬುದನ್ನು ತಿಳಿಸಿ ಕೂತುಕೊಳ್ಳುತ್ತೇವೆ. ವಿಷಯ ಕರೆಂಟು. ಹಾಲಿನ ಸಂಘದಲ್ಲಿ ಕರೆಂಟಿನ ಮಾತೇಕೆ ಎಂದು ಯಾರೂ ನಗಬಾರದು. ಕೊನೆಗೆ ಅದು ಹಾಲಿಗೇ ಬಂದು ನಿಲ್ಲುತ್ತದೆ.

ಸಂಘ ಬರುವ ಮುಂಚೆ ನಮ್ಮೂರಲ್ಲಿ ಹಾಲು ಹೇಗೆ ಮಾರುತ್ತಿದ್ದೆವು ಎಂಬುದು ಹಿರಿಯರಿಗೆ ನೆನಪಿದೆ. ವರ್ತನೆಯವನು ಹೇಳಿದ್ದೇ ಅಳತೆ, ಕೊಟ್ಟದ್ದೇ ದುಡ್ಡು. ‘ನಿನ್ನ ಹಾಲು ನೀರು’ ಅಂದರೆ ಅಲ್ಲ ಅನ್ನಲು ನಮ್ಮ ಕೈಲಿ ಏನೂ ಇರಲಿಲ್ಲ. ಸಂಘ ಬಂದ ಮೇಲೆ ಲ್ಯಾಕ್ಟೋಮೀಟರು ಬಂತು, ಆಮೇಲೆ ಯಂತ್ರ ಬಂತು. ಈಗ ಕ್ಯಾನಿಗೆ ಸುರಿಯುವ ಮೊದಲೇ ಫ್ಯಾಟ್ ಎಷ್ಟು, ಎಸ್‌.ಎನ್‌.ಎಫ್. ಎಷ್ಟು ಅಂತ ಚೀಟಿ ಬರುತ್ತದೆ. ಮೂರೂವರೆ ಫ್ಯಾಟು, ಎಂಟೂವರೆ ಎಸ್‌.ಎನ್‌.ಎಫ್. ಅಂದರೆ ಏನು ಅಂತ ಸ್ಕೂಲಿಗೆ ಹೋಗದ ನಮ್ಮ ಅವ್ವನಿಗೂ ಗೊತ್ತು. ಜಗಳ ನಿಂತದ್ದು ನಾವು ಒಳ್ಳೆಯವರಾದ್ದರಿಂದ ಅಲ್ಲ, ಅಳತೆ ಬಂದದ್ದರಿಂದ. ಸಂಘ ನಮಗೆ ಕಲಿಸಿದ ದೊಡ್ಡ ಪಾಠ ಇದೇ.

ಆದರೆ ಕರೆಂಟಿನ ವಿಷಯದಲ್ಲಿ ನಾವು ಇನ್ನೂ ವರ್ತನೆಯವನ ಕಾಲದಲ್ಲೇ ಇದ್ದೇವೆ. ತಿಂಗಳಿಗೆ ಒಂದು ಬಿಲ್ಲು, ಅದರಲ್ಲಿ ಒಂದು ಮೊತ್ತ. ಆ ಮೊತ್ತದಲ್ಲಿ ಫ್ರಿಜ್ಜು ತಿಂದದ್ದೆಷ್ಟು, ಹೀಟರು ತಿಂದದ್ದೆಷ್ಟು, ಯಾರೂ ತಿನ್ನದೆ ಮಣ್ಣಿಗೆ ಹೋದದ್ದೆಷ್ಟು ಎಂಬುದು ಯಾರಿಗೂ ಗೊತ್ತಿಲ್ಲ.

ನಮ್ಮ ಸೀಮೆಗೆ ಕರೆಂಟು ಹೊಸದೇನಲ್ಲ. ಕೆ.ಆರ್. ನಗರದ ಮುಂದೆ ಹರಿದು ಹೋಗುವ ಇದೇ ಕಾವೇರಿ 1902ರಲ್ಲಿ ಶಿವನಸಮುದ್ರದಲ್ಲಿ ಯಂತ್ರ ತಿರುಗಿಸಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟಿತು. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ದೀಪ ಬಂತು. ಹಳ್ಳಿಗೆ ಬರುವ ಹೊತ್ತಿಗೆ ಬಹಳ ಕಾಲವಾಯಿತು. ನಾವು ಹುಡುಗರಾಗಿದ್ದಾಗ ಎಷ್ಟೋ ಮನೆಗಳಲ್ಲಿ ಭಾಗ್ಯಜ್ಯೋತಿಯ ಒಂದೇ ಬಲ್ಬು. ಆಗ ಅಳೆಯುವುದೇನಿತ್ತು? ಹತ್ತಿತು, ಆರಿತು, ಅಷ್ಟೇ. ಕೆ.ಇ.ಬಿ. ಹೋಗಿ 1999ರಲ್ಲಿ ಕೆ.ಪಿ.ಟಿ.ಸಿ.ಎಲ್. ಬಂತು, 2005ರಿಂದ ನಮ್ಮ ಜಿಲ್ಲೆಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಬಂತು. ಮನೆಗಳೂ ಬದಲಾದವು. ಮಿಕ್ಸಿ, ಫ್ರಿಜ್ಜು, ಟಿ.ವಿ., ಡಿಷ್ ಡಬ್ಬ, ಹೀಟರ್ ಕಾಯ್ಲು, ಸಂಪಿನ ಮೋಟಾರು, ಹುಲ್ಲು ಕತ್ತರಿಸುವ ಯಂತ್ರ, ಕೆಲವರಲ್ಲಿ ಹಾಲು ಕರೆಯುವ ಯಂತ್ರ. ಒಂದು ಬಲ್ಬಿದ್ದ ಮನೆಯಲ್ಲಿ ಈಗ ಹನ್ನೆರಡು ಬಾಯಿ.

2023ರ ಜುಲೈ ತಿಂಗಳ ಬಳಕೆಯಿಂದ ಗೃಹಜ್ಯೋತಿ ಬಂತು. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿದ್ದೆವೋ ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿ ಅಷ್ಟು ಯೂನಿಟ್ಟು ಪುಕ್ಕಟೆ ಅಂತ ಆಗ ಇತ್ತು. ಅದಕ್ಕಿಂತ ಹೆಚ್ಚಾದರೆ ಹೆಚ್ಚಾದದ್ದಕ್ಕೆ ದುಡ್ಡು, ಇನ್ನೂರು ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಅಂದರೆ ಪ್ರತಿ ಮನೆಗೂ ಒಂದು ಗೆರೆ ಬಂತು. ನಮ್ಮ ಮನೆಯ ಸರಾಸರಿ 62 ಯೂನಿಟ್ಟು, ಗೆರೆ 68. ಸೊನ್ನೆ ಬಿಲ್ಲು ಬರುತ್ತಿತ್ತು, ನೆಮ್ಮದಿಯಾಗಿದ್ದೆವು.

ಹೀಗಿರುವಾಗ ಒಂದು ಮಳೆಗಾಲದಲ್ಲಿ ಬಿಲ್ಲು 128 ಯೂನಿಟ್ಟಿಗೆ ಹೋಯಿತು. ಮನೆಗೆ ಹೊಸ ಸಾಮಾನು ಒಂದೂ ಬಂದಿರಲಿಲ್ಲ. ಮುಂದಿನ ತಿಂಗಳು 131. ಎರಡು ಸಲವೂ ಹತ್ತಿರ ಹತ್ತಿರ ನಾನ್ನೂರು ರೂಪಾಯಿ ಕಟ್ಟಿದೆವು. ಮೀಟರ್ ಓದುವ ಹುಡುಗ ಬಂದಾಗ ಅವನ ಮೇಲೆ ಹರಿಹಾಯ್ದೆವು. ‘ಕಣ್ಣು ಮುಚ್ಕೊಂಡು ಬರೀತೀಯೇನಪ್ಪಾ, ನಿಂಗೇನು ಕಮಿಷನ್ನು ಬತ್ತದಾ?’ ಅಂತ ನಾಲ್ಕು ಜನದ ಎದುರಿಗೇ ಅಂದೆವು. ಆ ಹುಡುಗ ಮೀಟರ್ ತೋರಿಸಿ, ‘ನೀವೇ ನೋಡಿ ಅಣ್ಣಾ, ಎಲ್ಲಾ ಆಫ್ ಮಾಡಿದ್ರೂ ಕೆಂಪು ಲೈಟು ಮಿಣುಕ್ತಾ ಐತೆ’ ಅಂದ. ನಾವು ಕೇಳಲಿಲ್ಲ. ಮೀಟರೇ ಕೆಟ್ಟಿದೆ ಅಂದುಬಿಟ್ಟೆವು.

ಅದೇ ದಿನಗಳಲ್ಲಿ ನಮ್ಮ ದೊಡ್ಡ ಹಸ ಕೊಟ್ಟಿಗೆಯ ತೊಟ್ಟಿಯಲ್ಲಿ ನೀರು ಕುಡಿಯುವುದನ್ನು ಬಿಟ್ಟಿತ್ತು. ಮೂತಿ ಇಡುತ್ತಿತ್ತು, ಬೆಚ್ಚಿ ಹಿಂದಕ್ಕೆ ಬರುತ್ತಿತ್ತು. ಬಕೆಟ್ಟಿನಲ್ಲಿ ದೂರ ಇಟ್ಟರೆ ಕುಡಿಯುತ್ತಿತ್ತು. ಹೊತ್ತಿಗೆ ಏಳು ಲೀಟರ್ ಕೊಡುತ್ತಿದ್ದದ್ದು ಐದಕ್ಕೆ ಇಳಿಯಿತು. ಡಾಕ್ಟರನ್ನು ಕರೆಸಿದೆವು, ಜ್ವರ ಇಲ್ಲ, ಮೇವು ತಿನ್ನುತ್ತೆ ಅಂದರು. ದೃಷ್ಟಿ ಆಗಿರಬೇಕು ಅಂತ ಅವ್ವ ಮೆಣಸಿನಕಾಯಿ ನಿವಾಳಿಸಿದರು. ನಮ್ಮ ಮನೆಯವರು ಒಂದು ದಿನ, ‘ತೊಟ್ಟಿ ತೊಳೆಯೋವಾಗ ಕೈಯೆಲ್ಲಾ ಜುಮ್ ಅಂತದೆ ಕಣ್ರೀ’ ಅಂದರು. ‘ಮಳೆಗಾಲ, ವಾಯು ಹಿಡಿದಿರಬೇಕು, ಎಣ್ಣೆ ಹಚ್ಕೊ’ ಅಂದೆವು. ಈ ಮಾತನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಮೀಟರ್ ಹುಡುಗ ಒಂದು ಕಡೆಯಿಂದ ಹೇಳಿದ, ಹಸ ಒಂದು ಕಡೆಯಿಂದ ಹೇಳಿತು, ಮನೆಯಾಕೆ ಬಾಯಿಬಿಟ್ಟೇ ಹೇಳಿದಳು. ಮೂವರ ಮಾತನ್ನೂ ನಾವು ಕೇಳಲಿಲ್ಲ.

ಕೊನೆಗೆ ಹುಣಸೂರಿನಿಂದ ಮೋಟಾರ್ ರೀವೈಂಡಿಂಗ್ ಮಾಡುವ ಮೇಸ್ತ್ರಿಯನ್ನು ಬೇರೆ ಕೆಲಸಕ್ಕೆ ಕರೆದಿದ್ದಾಗ ಬಿಲ್ಲಿನ ವಿಷಯ ಹೇಳಿದೆವು. ಆತ ಬ್ಯಾಗಿನಿಂದ ಟಾಂಗ್ ಟೆಸ್ಟರ್ ತೆಗೆದ. ಲೈನ್‌ಮನ್‌ಗಳ ಹತ್ತಿರ ನೀವು ನೋಡಿರುತ್ತೀರಿ. ಇಕ್ಕಳದ ಹಾಗೆ ಬಾಯಿ ತೆರೆಯುತ್ತದೆ, ತಂತಿಯನ್ನು ಬಾಯೊಳಗೆ ಹಾಕಿ ಮುಚ್ಚಿದರೆ ಎಷ್ಟು ಆಂಪಿಯರ್ ಹರಿಯುತ್ತಿದೆ ಅಂತ ತೋರಿಸುತ್ತದೆ. ಕ್ಲಾಂಪ್ ಮೀಟರ್ ಅಂತಲೂ ಕರೆಯುತ್ತಾರೆ. ತಂತಿ ಕತ್ತರಿಸುವ ಹಾಗಿಲ್ಲ, ಇನ್ಸುಲೇಷನ್ ಸುಲಿಯುವ ಹಾಗಿಲ್ಲ, ಮುಟ್ಟುವ ಹಾಗೂ ಇಲ್ಲ.

ಮುಟ್ಟದೆ ಅದಕ್ಕೆ ಹೇಗೆ ಗೊತ್ತಾಗುತ್ತದೆ? ತಂತಿಯಲ್ಲಿ ಕರೆಂಟು ಹರಿದರೆ ಅದರ ಸುತ್ತ ಅಯಸ್ಕಾಂತದ ಗುಣ ಹುಟ್ಟುತ್ತದೆ. 1820ರಲ್ಲಿ ಡೆನ್ಮಾರ್ಕಿನ ಆರ್‌ಸ್ಟೆಡ್ ಎಂಬ ವಿಜ್ಞಾನಿ, ಕರೆಂಟು ಹರಿಯುವ ತಂತಿಯ ಪಕ್ಕ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡುಕೊಂಡ. ಕ್ಲಾಂಪಿನ ದವಡೆಯೊಳಗೆ ಕಬ್ಬಿಣದ ಜಾತಿಯ ತುಂಡು ಇರುತ್ತದೆ, ಅದಕ್ಕೆ ಸಣ್ಣ ತಂತಿ ಸುತ್ತಿರುತ್ತಾರೆ. ಊರ ಮುಂದಿನ ಟ್ರಾನ್ಸ್‌ಫಾರ್ಮರಿನದೇ ಪುಟ್ಟ ತಮ್ಮ ಅಂತ ತಿಳಿಯಿರಿ. ದಪ್ಪ ತಂತಿಯಲ್ಲಿ ನೂರು ಆಂಪಿಯರ್ ಹರಿದರೆ ಸಣ್ಣ ತಂತಿಯಲ್ಲಿ ಐವತ್ತು ಮಿಲಿ ಆಂಪಿಯರ್ ಹರಿಯುವ ಹಾಗೆ ಮಾಡಿದ ಸೆನ್ಸರ್‌ಗಳೂ ಸಿಗುತ್ತವೆ. ಅಂದರೆ ಎರಡು ಸಾವಿರಕ್ಕೆ ಒಂದು ಪಾಲು. ಆ ಪಾಲನ್ನು ಅಳೆದು ಪೂರ್ತಿಯನ್ನು ಲೆಕ್ಕ ಹಾಕುತ್ತದೆ. ನಾವು ಕ್ಯಾನಿನಿಂದ ಒಂದು ಸ್ವಲ್ಪ ಸ್ಯಾಂಪಲ್ ತೆಗೆದು ಇಡೀ ಕ್ಯಾನಿನ ಗುಣ ಹೇಳುವುದಿಲ್ಲವೇ, ಹಾಗೆ.

ಒಂದು ಗುಟ್ಟು ಇದೆ. ದವಡೆಯೊಳಗೆ ಒಂದೇ ತಂತಿ ಹಾಕಬೇಕು. ಫೇಸು, ನ್ಯೂಟ್ರಲ್ಲು ಎರಡನ್ನೂ ಒಟ್ಟಿಗೆ ಹಾಕಿದರೆ ಸೊನ್ನೆ ತೋರಿಸುತ್ತದೆ. ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ವಾಪಸ್ಸು ಬರುವುದರಿಂದ ಒಂದಕ್ಕೊಂದು ವಜಾ ಆಗಿಹೋಗುತ್ತದೆ. ಎರಡನ್ನೂ ಹಾಕಿದಾಗ ಸೊನ್ನೆ ಬಾರದಿದ್ದರೆ? ಹೋದದ್ದು ಪೂರ್ತಿ ವಾಪಸ್ಸು ಬರುತ್ತಿಲ್ಲ, ದಾರಿಯಲ್ಲಿ ಎಲ್ಲೋ ಸೋರುತ್ತಿದೆ ಅಂತ ಅರ್ಥ.

ಮೇಸ್ತ್ರಿ ಮೊದಲು ಮನೆಯ ಎಲ್ಲಾ ಸ್ವಿಚ್ಚು ಆರಿಸಿ, ಪ್ಲಗ್ಗು ಕೀಳಿಸಿ, ಮೇನ್ ಸ್ವಿಚ್ಚಿನಿಂದ ಒಳಗೆ ಬರುವ ಫೇಸ್ ತಂತಿಗೆ ಕ್ಲಾಂಪ್ ಹಾಕಿದ. ಸೊನ್ನೆ ಬರಬೇಕಾದ ಕಡೆ 0.4 ಆಂಪಿಯರ್ ಬಂತು. ಒಂದೊಂದೇ ಫ್ಯೂಸ್ ತೆಗೆಸಿದ. ಕೊಟ್ಟಿಗೆಯ ಫ್ಯೂಸ್ ತೆಗೆದ ಕೂಡಲೇ ಸೊನ್ನೆ. ಅದನ್ನು ಮತ್ತೆ ಹಾಕಿ, ಕೊಟ್ಟಿಗೆಗೆ ಹೋಗುವ ಎರಡು ತಂತಿಯನ್ನೂ ಒಟ್ಟಿಗೆ ದವಡೆಯೊಳಗೆ ಹಾಕಿದ. ಆಗಲೂ 0.4. ಹೋದದ್ದರಲ್ಲಿ ಒಂದಿಷ್ಟೂ ವಾಪಸ್ಸು ಬರುತ್ತಿಲ್ಲ. ಮೇಸ್ತ್ರಿ ನಮ್ಮ ಮುಖ ನೋಡಿ ಮೆಲ್ಲಗೆ, ‘ಅಣ್ಣಾ, ಕೊಟ್ಟಿಗೆ ಕಡೆ ಮಕ್ಕಳನ್ನ ಬುಡಬ್ಯಾಡಿ’ ಅಂದ.

ಫ್ಯೂಸ್ ಕಿತ್ತು ಅಗೆದು ನೋಡಿದರೆ, ಹಿಂದೆ ನಾವೇ ಕೈಯಾರೆ ಹಾಕಿದ್ದ ಕೇಬಲ್ಲು. ಉದ್ದ ಸಾಲದೆ ನಡುವೆ ಜಾಯಿಂಟ್ ಮಾಡಿ ಟೇಪ್ ಸುತ್ತಿ ಪೈಪೂ ಇಲ್ಲದೆ ಮಣ್ಣಲ್ಲಿ ಹೂತಿದ್ದೆವು. ಜಾಯಿಂಟು ಸರಿಯಾಗಿ ತೊಟ್ಟಿಯ ಬುಡದಲ್ಲಿತ್ತು. ಟೇಪು ಕೊಳೆತು, ಮಳೆ ನೀರು, ತೊಟ್ಟಿ ತುಳುಕಿದ ನೀರು ಇಳಿದು, ಕರೆಂಟು ಹಗಲೂ ರಾತ್ರಿ ಮಣ್ಣಿಗೆ ಹರಿಯುತ್ತಿತ್ತು. 0.4 ಆಂಪಿಯರ್ ಅಂದರೆ 230 ವೋಲ್ಟಿಗೆ 92 ವ್ಯಾಟ್. ಇಪ್ಪತ್ನಾಲ್ಕು ಗಂಟೆಗೆ ಎರಡು ಯೂನಿಟ್ ಮೇಲೆ, ತಿಂಗಳಿಗೆ 66 ಯೂನಿಟ್ಟು. ಬಿಲ್ಲಿನಲ್ಲಿ ಹೆಚ್ಚಾಗಿದ್ದ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು.

ಫ್ಯೂಸ್ ಏಕೆ ಹೋಗಲಿಲ್ಲ ಅಂತ ನೀವು ಕೇಳಬಹುದು. ಐದೋ ಹತ್ತೋ ಆಂಪಿಯರ್ ತಡೆಯುವ ಫ್ಯೂಸಿಗೆ ಅರ್ಧ ಆಂಪಿಯರ್ ಲೆಕ್ಕಕ್ಕೇ ಇಲ್ಲ. ಆದರೆ ಮನುಷ್ಯನ ಎದೆಗೆ ಅದು ಬಹಳ ಹೆಚ್ಚು. ಜೀವ ಉಳಿಸಲೆಂದು ಮನೆಗಳಲ್ಲಿ ಹಾಕುವ ಆರ್‌.ಸಿ.ಸಿ.ಬಿ. ಎಂಬ ಸ್ವಿಚ್ಚು ಮೂವತ್ತು ಮಿಲಿ ಆಂಪಿಯರ್ ಸೋರಿದರೇ ಬೀಳುತ್ತದೆ. ನಮ್ಮ ತೊಟ್ಟಿಯ ಬುಡದಲ್ಲಿ ಅದರ ಹತ್ತು ಪಟ್ಟಿಗೂ ಮೇಲೆ ಸೋರುತ್ತಿತ್ತು. ಎಲ್ಲವೂ ಮಣ್ಣಿಗೆ ಹೋಗಿ, ಮೈಗೆ ಹತ್ತಿದ್ದು ಸ್ವಲ್ಪವೇ ಆದ್ದರಿಂದ ನಮ್ಮ ಮನೆಯವರು ಉಳಿದರು. ನಾವು ಚಪ್ಪಲಿ ಮೆಟ್ಟಿ ನಿಂತಾಗ ತಿಳಿಯದ ಎರಡು ಮೂರು ವೋಲ್ಟು, ಒದ್ದೆ ನೆಲದಲ್ಲಿ ನಾಲ್ಕು ಕಾಲೂರಿ ಒದ್ದೆ ಮೂತಿ ಇಡುವ ಹಸುವಿಗೆ ತಿಳಿಯುತ್ತದೆ. ಬೇರೆ ದೇಶಗಳಲ್ಲೂ ಹಾಲಿನ ಫಾರಂಗಳಲ್ಲಿ ಇದೇ ತೊಂದರೆ ಕಂಡಿದ್ದಾರೆ. ಹಸ ನೀರು ಬಿಡುತ್ತದೆ, ನೀರು ಬಿಟ್ಟರೆ ಹಾಲು ಇಳಿಯುತ್ತದೆ.

ಹೊಸ ಕೇಬಲ್ಲನ್ನು ಜಾಯಿಂಟಿಲ್ಲದೆ ಪೈಪಿನಲ್ಲಿ ಎಳೆಸಿದೆವು, ಅರ್ಥಿಂಗ್ ಸರಿ ಮಾಡಿಸಿದೆವು, ಆರ್‌.ಸಿ.ಸಿ.ಬಿ. ಹಾಕಿಸಿದೆವು. ಹಸ ಎರಡು ದಿನ ತೊಟ್ಟಿಯನ್ನು ನಂಬಲಿಲ್ಲ. ಮೂರನೇ ದಿನ ಮೂತಿ ಇಟ್ಟು ತಲೆ ಎತ್ತದೆ ಕುಡಿಯಿತು. ನಾವು ಗಂಡ ಹೆಂಡತಿ ನಿಂತು ನೋಡಿದೆವು.

ಈ ಸಂಗತಿಯನ್ನು ಆಡಳಿತ ಮಂಡಳಿ ಸಭೆಯಲ್ಲಿ ಹೇಳಿದಾಗ, ಸಂಘದ ವತಿಯಿಂದ ಒಂದು ಕ್ಲಾಂಪ್ ಮೀಟರ್ ತರಬೇಕು ಅಂತ ಎಲ್ಲರೂ ಒಪ್ಪಿದರು. ಎರಡು ಸಾವಿರದೊಳಗೆ ಬಂತು. ಮೇಸ್ತ್ರಿಯಿಂದ ಒಂದು ಎಕ್ಸ್‌ಟೆನ್ಷನ್ ಬಾಕ್ಸನ್ನೂ ಮಾಡಿಸಿದೆವು. ಅದರಲ್ಲಿ ಫೇಸು, ನ್ಯೂಟ್ರಲ್ಲು, ಅರ್ಥು ಮೂರೂ ಬೇರೆ ಬೇರೆ ತಂತಿ. ಯಾವ ಸಾಮಾನನ್ನಾದರೂ ಆ ಬಾಕ್ಸಿಗೆ ಸಿಕ್ಕಿಸಿ ಫೇಸ್ ತಂತಿಗೆ ಕ್ಲಾಂಪ್ ಹಾಕಿದರೆ ಅದೊಂದೇ ಎಷ್ಟು ತಿನ್ನುತ್ತದೆ ಎಂದು ತಿಳಿಯುತ್ತದೆ. ಸಣ್ಣ ಸಾಮಾನಾದರೆ ಆ ತಂತಿಯನ್ನು ದವಡೆಯೊಳಗೆ ಹತ್ತು ಸುತ್ತು ಸುತ್ತಿ, ಬಂದದ್ದನ್ನು ಹತ್ತರಿಂದ ಭಾಗಿಸಬೇಕು.

ಆಮೇಲೆ ಡಿಪ್ಲೊಮಾ ಓದುತ್ತಿರುವ ನಮ್ಮ ಸದಸ್ಯರೊಬ್ಬರ ಮಗ ಇನ್ನೊಂದು ಮಾಡಿಕೊಟ್ಟ. ಬೆಂಕಿಪೊಟ್ಟಣದಷ್ಟು ದಪ್ಪದ, ಬಾಯಿ ತೆರೆಯುವ ಸೆನ್ಸರು. ಅದನ್ನು ಮೇನ್ ತಂತಿಗೆ ಕಚ್ಚಿಸಿ, ಒಂದು ಸಣ್ಣ ಬೋರ್ಡಿಗೆ ಸೇರಿಸಿ ವಾರ ಬಿಟ್ಟರೆ, ಯಾವ ಹೊತ್ತಿನಲ್ಲಿ ಎಷ್ಟು ಕರೆಂಟು ಹರಿಯಿತು ಅಂತ ಮೊಬೈಲಿನಲ್ಲಿ ಗೆರೆ ಎಳೆದು ತೋರಿಸುತ್ತದೆ. ಟಾಂಗ್ ಟೆಸ್ಟರ್ ಆ ಗಳಿಗೆಯದನ್ನು ಹೇಳುತ್ತದೆ, ಇದು ದಿನಪೂರ್ತಿ ಕಾವಲು ಕಾಯುತ್ತದೆ.

ಇಷ್ಟರಿಂದ ಕಂಡದ್ದೇನು? ಬಲ್ಬಿನಿಂದ ಬಿಲ್ಲು ಏರುವುದಿಲ್ಲ. ಒಂಬತ್ತು ವ್ಯಾಟಿನ ಎಲ್‌.ಇ.ಡಿ. ಬಲ್ಬು ನೂರಹನ್ನೊಂದು ಗಂಟೆ ಉರಿದರೆ ಒಂದು ಯೂನಿಟ್ಟು. ಅದೇ ಹದಿನೈದು ನೂರು ವ್ಯಾಟಿನ ಹೀಟರ್ ಕಾಯ್ಲು ನಲವತ್ತು ನಿಮಿಷಕ್ಕೆ ಒಂದು ಯೂನಿಟ್ಟು. ದಿನಾ ಹಾಕಿದರೆ ತಿಂಗಳಿಗೆ ಮೂವತ್ತು. ಮಕ್ಕಳು ಓದುವಾಗ ಲೈಟ್ ಆರಿಸಿ ಅಂತ ಗದರುವವರು ಹೀಟರ್ ಹಾಕಿ ಮರೆತು ಹಟ್ಟಿ ಮುಂದೆ ಹರಟೆ ಹೊಡೆಯುತ್ತಿರುತ್ತೇವೆ. ಹಳೇ ಫ್ಯಾನು 75 ವ್ಯಾಟ್, ಹೊಸ ಬಿ.ಎಲ್‌.ಡಿ.ಸಿ. ಫ್ಯಾನು 30ರ ಆಸುಪಾಸು. ಒಂದು ಮನೆಯಲ್ಲಿ ರಾತ್ರಿಯೆಲ್ಲಾ ಫ್ರಿಜ್ಜಿನ ಗೆರೆ ಕೆಳಗಿಳಿಯುತ್ತಲೇ ಇರಲಿಲ್ಲ. ನೋಡಿದರೆ ಬಾಗಿಲಿನ ರಬ್ಬರ್ ಹರಿದಿತ್ತು. ರಬ್ಬರ್ ಹಾಕಿಸಿದ ಮೇಲೆ ಯಂತ್ರ ನಡುನಡುವೆ ನಿಲ್ಲತೊಡಗಿತು. ಇನ್ನೊಂದು ಮನೆಯಲ್ಲಿ ಟಿ.ವಿ. ಆರಿಸಿದರೂ ಡಿಷ್ ಡಬ್ಬ ಹತ್ತು ವ್ಯಾಟ್ ತಿನ್ನುತ್ತಿತ್ತು. ಹತ್ತೇ ತಾನೇ ಅನ್ನಬಾರದು, ತಿಂಗಳಿಗೆ ಏಳು ಯೂನಿಟ್ಟು. ಗೆರೆಯ ಅಂಚಿನಲ್ಲಿರುವ ಮನೆಗೆ ಏಳು ಯೂನಿಟ್ಟು ದೊಡ್ಡದೇ. ಹನಿಗೂಡಿದರೆ ಹಳ್ಳ.

ಕ್ಲಾಂಪ್ ಇಲ್ಲದವರಿಗೂ ಒಂದು ದಾರಿ ಇದೆ. ಮೀಟರಿನಲ್ಲಿ ಮಿಣುಕುವ ಕೆಂಪು ಲೈಟಿನ ಪಕ್ಕ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಅಂತ ಅಚ್ಚಾಗಿರುತ್ತದೆ. 3200 ಅಂತಿದ್ದರೆ, ಒಂದು ನಿಮಿಷದಲ್ಲಿ 80 ಸಲ ಮಿಣುಕಿದರೆ ಮನೆಯಲ್ಲಿ ಹದಿನೈದು ನೂರು ವ್ಯಾಟ್ ಓಡುತ್ತಿದೆ ಅಂತ ಲೆಕ್ಕ. ಎಲ್ಲವನ್ನೂ ಆರಿಸಿ, ಪ್ಲಗ್ಗು ಕಿತ್ತ ಮೇಲೂ ಅದು ಮಿಣುಕುತ್ತಿದ್ದರೆ ತಡ ಮಾಡದೆ ಗೊತ್ತಿದ್ದವರನ್ನು ಕರೆಸಿ. ಆ ಹುಡುಗ ನಮಗೆ ಹೇಳಿದ್ದು ಇದನ್ನೇ.

ಕ್ಲಾಂಪು ದೇವರಲ್ಲ, ಅದಕ್ಕೂ ಮಿತಿ ಇದೆ. ಅದು ಆಂಪಿಯರ್ ಮಾತ್ರ ಹೇಳುತ್ತದೆ. ಕಾಯ್ಲು, ಇಸ್ತ್ರಿಪೆಟ್ಟಿಗೆಯಂಥವಕ್ಕೆ ಆಂಪಿಯರನ್ನು ವೋಲ್ಟಿನಿಂದ ಗುಣಿಸಿದರೆ ವ್ಯಾಟ್ ಸರಿಯಾಗಿ ಬರುತ್ತದೆ. ಫ್ರಿಜ್ಜು, ಮೋಟಾರಿಗೆ ಹಾಗೆ ಗುಣಿಸಿದರೆ ನಿಜಕ್ಕಿಂತ ಹೆಚ್ಚು ಬರುತ್ತದೆ. ಆದ್ದರಿಂದ ಕೊನೆಗೆ ಮೀಟರಿನ ಜೊತೆ ತಾಳೆ ನೋಡಬೇಕು. ನಮ್ಮ ಹಳ್ಳಿಗಳಲ್ಲಿ ವೋಲ್ಟೂ ಹಗಲೊಂದು ರಾತ್ರಿಯೊಂದು. ಸೋಲಾರ್ ಪ್ಯಾನೆಲ್ಲಿನಿಂದ ಬರುವ ಡಿ.ಸಿ. ಕರೆಂಟನ್ನು ಸಾಮಾನ್ಯ ಕ್ಲಾಂಪು ಅಳೆಯುವುದಿಲ್ಲ, ಅದಕ್ಕೆ ಬೇರೆ ಜಾತಿಯದು ಬೇಕು. ತೀರಾ ಸಣ್ಣ ಸೋರಿಕೆ ನಮ್ಮ ಕ್ಲಾಂಪಿಗೆ ಕಾಣುವುದಿಲ್ಲ. ಅಲ್ಲಿ ಸೊನ್ನೆ ಬಂತೆಂದು ಆರ್‌.ಸಿ.ಸಿ.ಬಿ. ಬೇಡ ಅನ್ನಬಾರದು.

ಇನ್ನು ಕೆಲವು ಎಚ್ಚರಿಕೆ. ಮೀಟರಿನ ಸೀಲು ಮುಟ್ಟಬೇಡಿ, ಅದು ಅಪರಾಧ. ಅಳತೆಯೆಲ್ಲ ಮೇನ್ ಸ್ವಿಚ್ಚಿನಿಂದ ಈಚೆಗೆ, ನಮ್ಮ ಕಡೆಯಲ್ಲಿ. ಬೋರ್ಡು ಬಿಚ್ಚುವುದು, ಸೆನ್ಸರ್ ಕಚ್ಚಿಸುವುದು ಮೇನ್ ಆಫ್ ಮಾಡಿ, ಕೆಲಸ ಗೊತ್ತಿದ್ದವರಿಂದ. ಒದ್ದೆ ಕೈ, ಬರಿಗಾಲು ಬೇಡ. ಕಂಬದ ಕಡೆಯ ತೊಂದರೆಯಾದರೆ 1912ಕ್ಕೆ ಫೋನ್ ಮಾಡಿ, ನಾವೇ ಕೋಲು ಹಿಡಿದು ಹೋಗುವುದು ಬೇಡ.

ಇನ್ನೊಂದು ಮಾತನ್ನು ಸಂಘದ ನಡಾವಳಿಯಲ್ಲೂ ಬರೆಸಿದ್ದೇವೆ. ಆ ಸೆನ್ಸರಿನ ಗೆರೆ ನೋಡಿದರೆ ಒಂದು ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವ ದಿನ ಮನೆಗೆ ಬೀಗ ಹಾಕಿದ್ದರು ಎಲ್ಲಾ ತಿಳಿದುಹೋಗುತ್ತದೆ. ಅದು ಆ ಮನೆಯವರದು. ಅದು ಅರಳಿಕಟ್ಟೆಯ ಮಾತಾಗಬಾರದು. ಅಳೆದವರು ಮನೆಯವರಿಗೆ ತೋರಿಸಿ ಅಳಿಸಿಬಿಡಬೇಕು. ತೋರಿಸುವಾಗಲೂ ಗಂಡಸರಿಗೆ ಮಾತ್ರವಲ್ಲ, ಮನೆಯ ಹೆಣ್ಣುಮಕ್ಕಳಿಗೆ ಮೊದಲು ತೋರಿಸಬೇಕು. ಒಲೆ, ನೀರು, ಕೊಟ್ಟಿಗೆ ನೋಡುವವರು ಅವರು. ಮೊದಲು ಜುಮ್ ಅನ್ನುವುದೂ ಅವರ ಕೈಗೇ.

ಬಂಧುಗಳೇ, ಇಪ್ಪತ್ತೈದು ವರ್ಷದಲ್ಲಿ ಸಂಘ ನಮಗೆ ಹಾಲಿನ ದುಡ್ಡು ಕೊಟ್ಟಿತು, ಪಶು ಆಹಾರ ಕೊಟ್ಟಿತು. ಅದಕ್ಕಿಂತ ಹೆಚ್ಚಾಗಿ, ಬಾಯಿಮಾತಿಗೆ ಜಗಳವಾಡುವ ಬದಲು ಅಳೆದು ನೋಡುವ ಬುದ್ಧಿ ಕೊಟ್ಟಿತು. ಆ ಬುದ್ಧಿಯನ್ನು ಡೇರಿಯಿಂದ ಮನೆಗೆ ತರುವುದು ನಮ್ಮ ಕೈಲಿದೆ. ಕ್ಲಾಂಪು ಸಂಘದ ಆಫೀಸಿನಲ್ಲಿದೆ. ಪುಸ್ತಕದಲ್ಲಿ ಸಹಿ ಹಾಕಿ ಯಾವ ಸದಸ್ಯರು ಬೇಕಾದರೂ ಎರಡು ದಿನ ತೆಗೆದುಕೊಂಡು ಹೋಗಬಹುದು, ಬಾಡಿಗೆ ಇಲ್ಲ. ಬಳಸಲು ಬಾರದಿದ್ದರೆ ಮೇಸ್ತ್ರಿ ತಿಂಗಳಿಗೊಮ್ಮೆ ಬರುತ್ತಾರೆ. ಬೇರೆ ಊರಿನ ಸಂಘದವರಲ್ಲೂ ವಿನಂತಿ. ನೀವೂ ಒಂದು ತನ್ನಿ. ಮುಂಗಾರು ಹಿಡಿಯುವ ಮುಂಚೆ ಒಂದೊಂದು ಕೊಟ್ಟಿಗೆಗೂ ಹಾಕಿ ನೋಡಿ.

ಮೀಟರ್ ಓದುವ ಹುಡುಗನಿಗೆ ನಾಲ್ಕು ಜನದ ಎದುರಿಗೆ ಅಂದಿದ್ದೆವು. ಆದ್ದರಿಂದ ಈ ತುಂಬಿದ ಸಭೆಯ ಎದುರಿಗೇ ಹೇಳುತ್ತೇವೆ. ತಪ್ಪು ನಮ್ಮದು ಕಣಪ್ಪಾ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ನೀನು ಬರೆದುಕೊಂಡು ಹೋದ ಲೆಕ್ಕ ಸರಿಯಾಗಿತ್ತು.

 ಜೈ ಸಹಕಾರ.